ಹೆಸರು ಕೊಡದಿದ್ದರೆ ಶ್ರೀ

ನಮ್ಮ ಪ್ರೆಸ್ಸಿನ ಮಾಮ ಹೋದ ತಿಂಗಳು ಕೆಲಸ ಬಿಟ್ಟರು. ಇಂಥ ಬರಹಗಳು ಸಾಮಾನ್ಯವಾಗಿ ಫೋಟೋಕ್ಕೆ ಹಾರ ಬಿದ್ದ ಮೇಲೆ ಬರೆಯುವಂಥವು. ಪುಣ್ಯಕ್ಕೆ ನನಗೆ ಆ ಗತಿ ಬಂದಿಲ್ಲ. ಮಾಮ ಭಟ್ಕಳದ ತಮ್ಮ ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದಾರೆ. ಮೊನ್ನೆ ಫೋನು ಮಾಡಿ, ಪ್ರೆಸ್ಸಿನ ಕಿಟಕಿಗೆ ಛತ್ರಿ ಸಿಕ್ಕಿಸಿ ಬಂದಿದ್ದೇನೆ, ಯಾರಿಗೂ ಕೊಡಬೇಡ ಎಂದರು. ನಿಮ್ಮ ಮೇಲೊಂದು ಲೇಖನ ಬರೆಯಲೇ ಎಂದು ಆಗಲೇ ಕೇಳಿದೆ. ಬರೆ, ಆದರೆ ಹೆಸರು ಹಾಕಬೇಡ, ಆಮೇಲೆ ಮೀನು ಪೇಟೆಯಲ್ಲಿ ಚೌಕಾಶಿ ಮಾಡುವುದು ಕಷ್ಟವಾಗುತ್ತದೆ ಎಂದರು. ಹಾಗಾಗಿ ಇಲ್ಲಿ ಅವರು ಬರೀ ಮಾಮ. ಪ್ರೆಸ್ಸಿನಲ್ಲಿ ಮಾಲಕರಿಂದ ಹಿಡಿದು ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ.

ಬರೆಯಲು ಕೂತದ್ದಕ್ಕೆ ಒಂದು ಕಾರಣವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೀಳ್ಕೊಡುಗೆಯ ದಿನ ಮಾಲಕರು ಮಾಮನಿಗೆ ಶಾಲು ಹೊದೆಸಿ ನಾಲ್ಕು ಮಾತಾಡಿದರು. ಇಷ್ಟು ವರ್ಷದಲ್ಲಿ ಮಾಮ ಕಳೆದದ್ದು ಒಂದೇ ಒಂದು ಫೈಲು, ಕಾಯ್ಕಿಣಿ ಅಜ್ಜಿಯ ಹಾಡಿನ ಫೈಲು ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಮಾಮನೇ ನಕ್ಕರು. ನಾನು ಎದ್ದು ನಿಲ್ಲಲು ಹೊರಟೆ, ಅವರು ಶಾಲಿನ ಒಳಗಿಂದಲೇ ಬೆರಳು ಆಡಿಸಿ ಕೂತುಕೋ ಎಂದು ಸನ್ನೆ ಮಾಡಿದರು. ಕೂತುಕೊಂಡೆ. ಕೇಸರಿಬಾತ್ ತಿಂದೆ. ಆ ಫೈಲು ಕಳೆದವರು ಮಾಮ ಅಲ್ಲ, ನಾನು. ಅದನ್ನು ನಾಲ್ಕು ಜನ ಓದುವ ಕಡೆ ಹೇಳುವ ತನಕ ನನಗೆ ಸಮಾಧಾನವಿಲ್ಲ.

ಪ್ರೆಸ್ಸು ಹೊನ್ನಾವರದಲ್ಲಿ, ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿದೆ. ನಾನು ಕುಮಟೆಯವಳು. ದಿನಾ ಬೆಳಿಗ್ಗೆ ನಾನು ಆ ಕಡೆಯಿಂದ, ಮಾಮ ಭಟ್ಕಳದ ಕಡೆಯಿಂದ ಬಸ್ಸಿಳಿದು ಪ್ರೆಸ್ಸಿನ ಬಾಗಿಲಲ್ಲಿ ಸೇರುತ್ತಿದ್ದೆವು. ಹದಿನಾಲ್ಕು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತಿದ್ದೇವೆ. ಶುಕ್ರವಾರ ಬಂತೆಂದರೆ ಮಾಮನ ಚೀಲದಲ್ಲಿ ಬಾಳೆಲೆಯಲ್ಲಿ ಸುತ್ತಿದ ಭಟ್ಕಳ ಮಲ್ಲಿಗೆ ಇರುತ್ತಿತ್ತು. ನನಗೊಂದು ಮೊಳ, ಬೈಂಡಿಂಗ್ ಮಾಡುವ ಇಬ್ಬರು ಹೆಂಗಸರಿಗೆ ಒಂದೊಂದು ಮೊಳ, ಉಳಿದ ತುಂಡು ಪ್ರಿಂಟರಿಗೆ. ಪ್ರಿಂಟರಿಗೆ ಯಾಕೆ ಮಾಮ ಎಂದರೆ, ಅದೂ ದುಡಿಯುವುದಲ್ಲವೇ ಎನ್ನುತ್ತಿದ್ದರು.

ಅವರು ಮೊಳೆ ಜೋಡಿಸುವ ಕಾಲದಿಂದ ಬಂದವರು. ಎಡಗೈಯಲ್ಲಿ ಪುಟ್ಟ ಕಬ್ಬಿಣದ ಪಟ್ಟಿ ಹಿಡಿದು, ಬಲಗೈಯಿಂದ ಸೀಸದ ಅಕ್ಷರಗಳನ್ನು ಒಂದೊಂದೇ ಹೆಕ್ಕಿ ಅದರಲ್ಲಿ ಕೂರಿಸುವ ಕೆಲಸ. ಸೀಸ ಹೋಗಿ ಕಂಪ್ಯೂಟರು ಬಂದರೂ ಎಡಗೈಗೆ ಮಾತ್ರ ಆ ಸುದ್ದಿ ಮುಟ್ಟಲೇ ಇಲ್ಲ. ಬಲಗೈಯ ಎರಡು ಬೆರಳು ಕೀಲಿಮಣೆಯ ಮೇಲೆ ಓಡುತ್ತಿದ್ದರೆ, ಎಡಗೈ ಎದೆಯ ಹತ್ತಿರ ಅರ್ಧ ಮಡಚಿಕೊಂಡು ಗಾಳಿಯಲ್ಲಿ ನಿಂತಿರುತ್ತಿತ್ತು. ಹೊಸದಾಗಿ ಬಂದವರು ಪಾರ್ಶ್ವವಾಯು ಎಂದುಕೊಂಡು ಮರುಗುತ್ತಿದ್ದರು. ಆ ಎರಡು ಬೆರಳಿನ ವೇಗಕ್ಕೆ ನನ್ನ ಹತ್ತು ಬೆರಳು ಸೋತಿವೆ, ದೇವರಾಣೆ.

ಈಗ ನಮ್ಮ ಕಂಪ್ಯೂಟರಿನ ಕಪ್ಪು ಪರದೆಯ ವಿಷಯ ಹೇಳಬೇಕು. ಅದಿಲ್ಲದೆ ಮಾಮ ಅರ್ಥವಾಗುವುದಿಲ್ಲ. ನಮ್ಮಲ್ಲಿ ಬ್ಯಾನರು, ಕರಪತ್ರಗಳಿಗೆ ಬಣ್ಣಬಣ್ಣದ ಸಾಫ್ಟ್‌ವೇರು ಇದೆ. ಮದುವೆ ಕಾರ್ಡಿಗೆ ಮಾತ್ರ ಹಳೆಯದೊಂದು ಪ್ರೋಗ್ರಾಂ. ಯಾವುದೋ ಕಾಲದಲ್ಲಿ ಪಾಲಿಟೆಕ್ನಿಕ್ಕಿನ ಮಾಸ್ತರೊಬ್ಬರು ಮಾಲಕರ ಸ್ನೇಹಕ್ಕೆ ಬರೆದುಕೊಟ್ಟದ್ದು. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ, ಮೌಸಿಗೆ ಅಲ್ಲಿ ಕೆಲಸವೇ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಚೌಕವೊಂದು ಮಿನುಗುತ್ತಿರುತ್ತದೆ. ನಾವು ಕಮಾಂಡು ಹೊಡೆಯಬೇಕು, ಪಕ್ಕದಲ್ಲಿ ಫೈಲಿಗೊಂದು ಹೆಸರು ಕೊಡಬೇಕು, ಎಂಟರ್ ಒತ್ತಬೇಕು. ಮೂರು ನಿಮಿಷದಲ್ಲಿ ಕಾರ್ಡು ತಯಾರು.

ಹೆಸರು ಕೊಡದೆ ಎಂಟರ್ ಒತ್ತಿದರೆ ಪ್ರೋಗ್ರಾಂ ಬೈಯುವುದಿಲ್ಲ. ಒಳ್ಳೆ ಸೊಸೆಯ ಹಾಗೆ ಸುಮ್ಮನೆ ತಾನೇ ಒಂದು ಹೆಸರು ಇಟ್ಟುಕೊಳ್ಳುತ್ತದೆ. ಬರೆದದ್ದರಲ್ಲಿ ಮೊದಲ ಪದ ಯಾವುದೋ, ಅದೇ ಫೈಲಿನ ಹೆಸರು. ಆ ಮಾಸ್ತರಿಗೆ ಇದು ಬಹಳ ಜಾಣತನ ಎನಿಸಿರಬೇಕು. ಆದರೆ ನಮ್ಮ ಕಡೆ ಯಾವ ಮದುವೆ ಕಾರ್ಡು ತೆಗೆದರೂ ತಲೆಯ ಮೇಲೆ ಇರುವ ಮೊದಲ ಪದ ಶ್ರೀ. ಹೊನ್ನಾವರದ್ದೂ ಶ್ರೀ, ಕುಮಟೆಯದ್ದೂ ಶ್ರೀ. ಹೆಸರು ಕೊಡದ ಪ್ರತಿ ಕಾರ್ಡೂ ಶ್ರೀ ಎಂಬ ಒಂದೇ ಫೈಲಿಗೆ ಹೋಗಿ ಕೂರುತ್ತಿತ್ತು, ಮೊದಲು ಅಲ್ಲಿದ್ದದ್ದು ಹೇಳದೆ ಕೇಳದೆ ಅಳಿಸಿ ಹೋಗುತ್ತಿತ್ತು. ಭಟ್ಕಳದ ಮುಸ್ಲಿಂ ಮನೆಗಳ ಕಾರ್ಡುಗಳು 786 ಎಂದು ಶುರುವಾಗುತ್ತಿದ್ದವು, ಅವಕ್ಕೆಲ್ಲ 786 ಎಂಬ ಇನ್ನೊಂದು ಫೈಲು. ಈ ಎರಡು ಫೈಲುಗಳನ್ನು ಮಾಮ ಧರ್ಮಛತ್ರ ಎಂದು ಕರೆಯುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಅವರು ಹೇಳಿಕೊಟ್ಟ ಮೊದಲ ಪಾಠ ಇದು:

"ಛತ್ರದಲ್ಲಿ ಯಾರು ಬೇಕಾದ್ರೂ ಮಲಗ್ಬಹುದು ತಂಗಿ. ಮುಂದಿನವ ಬಂದ ಕೂಡ್ಲೆ ಎದ್ದು ಹೋಗ್ಬೇಕು, ಅಷ್ಟೇ. ಮನೆ ಬೇಕು ಅಂದ್ರೆ ಹೆಸ್ರು ಕೊಡು."

ಹೆಸರು ಕೊಡುವುದು ಸುಲಭವಲ್ಲ. ನಮ್ಮೂರುಗಳಲ್ಲಿ ಮದುಮಗನ ಹೆಸರು ಮಂಜುನಾಥ, ಇಲ್ಲದಿದ್ದರೆ ಗಣಪತಿ. ಮದುಮಗನ ಹೆಸರಲ್ಲಿ ಫೈಲು ಇಟ್ಟರೆ ಒಂದು ಸೀಸನ್ನಿಗೆ ಹನ್ನೊಂದು ಮಂಜುನಾಥರು ಒಬ್ಬರ ತೊಡೆಯ ಮೇಲೊಬ್ಬರು ಕೂರುತ್ತಾರೆ. ಅದಕ್ಕೆ ಮಾಮ ಬೇರೆ ದಾರಿ ಹಿಡಿದಿದ್ದರು. ಆ ಪ್ರೋಗ್ರಾಮಿನಲ್ಲಿ ಫೈಲಿನ ಮೊದಲ ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದ ಹೆಸರನ್ನು ಅದೇ ತುಂಬಿಕೊಡುತ್ತದೆ, ಆ ಎರಡಕ್ಷರದ ಫೈಲು ಒಂದೇ ಇದ್ದರೆ ಮಾತ್ರ. ಎರಡಕ್ಷರಕ್ಕೆ ಮನುಷ್ಯ ಸಿಗಬೇಕು ಎನ್ನುವುದು ಮಾಮನ ಲೆಕ್ಕ. ಅದಕ್ಕಾಗಿ ಅವರು ಬಾಗಿಲಲ್ಲಿ ಗಿರಾಕಿ ಚಪ್ಪಲಿ ಬಿಡುವುದರಿಂದ ಹಿಡಿದು ನೋಡುತ್ತಿದ್ದರು. ಬಂದವರು ಹೋಗುವಷ್ಟರಲ್ಲಿ ಫೈಲು ಸಿದ್ಧ. ಬಾಂಗಡೆಚೀಲ. ಮೂರ್ಸಲಬಂದವ್ರು. ಸೋಡಾಬೇಡ. ಅತ್ತೆಗೆಹೆದರ್ತಾರೆ. ಈರುಳ್ಳಿಜಡೆ, ಇದು ಕುಮಟೆಯ ಈರುಳ್ಳಿಯನ್ನು ಜಡೆ ಹೆಣೆದು ಹೆಗಲಿಗೆ ಹಾಕಿಕೊಂಡೇ ಕಾರ್ಡು ಆರಿಸಲು ಬಂದ ಒಬ್ಬರು. ವರ್ಷ ಬಿಟ್ಟು ಅದೇ ಮನೆಯವರು ನಾಮಕರಣದ ಕಾರ್ಡಿಗೆ ಬಂದರೆ ಮಾಮ ಮುಖ ನೋಡಿ ಎರಡಕ್ಷರ ಹೊಡೆಯುತ್ತಿದ್ದರು, ವಿಳಾಸ ಸಮೇತ ಹಳೆ ಕಾರ್ಡು ಎದ್ದು ಬರುತ್ತಿತ್ತು.

ಒಮ್ಮೆ ಕುಮಟೆ ಕಡೆಯ ಮದುಮಗಳ ಅಪ್ಪ ಒಬ್ಬರು ಪ್ರೂಫು ನೋಡಲು ಪರದೆಯ ಹತ್ತಿರವೇ ಬಗ್ಗಿದರು. ಮೇಲ್ಗಡೆ ಫೈಲಿನ ಹೆಸರು ಕಂಡಿತು, ಕೂಗುಮಾವ. ಇದು ಯಾರು ಎಂದು ಕೇಳಿದರು. ನಾನು ಮೇಜಿನ ಕೆಳಗೆ ಇಲ್ಲದ ಪೆನ್ನು ಹುಡುಕತೊಡಗಿದೆ. ಮಾಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನೀವೇ ಎಂದುಬಿಟ್ಟರು. ಆಮೇಲೆ ಅಷ್ಟೇ ಶಾಂತವಾಗಿ, ನಿಮ್ಮ ಊರಲ್ಲಿ ನಿಮ್ಮದೇ ಹೆಸರಿನವರು ಎಷ್ಟು ಜನ ಇದ್ದೀರಿ ಎಂದು ಕೇಳಿದರು. ಅವರು ಬೆರಳು ಮಡಚಿ ಏಳು ಎಂದರು. ಅದರಲ್ಲಿ ಜೋರಾಗಿ ಮಾತಾಡುವವರು? ಅವರು ಸ್ವಲ್ಪ ಹೊತ್ತು ಯೋಚಿಸಿ, ನಾನೊಬ್ಬನೇ ಎಂದರು, ಅದನ್ನೂ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ. ಅಲ್ಲಿಗೆ ನಗು ತಡೆಯಲು ಯಾರಿಂದಲೂ ಆಗಲಿಲ್ಲ. ಎರಡು ವರ್ಷದ ಮೇಲೆ ಎರಡನೇ ಮಗಳ ಮದುವೆಗೆ ಅವರು ಬಾಗಿಲಿನಿಂದಲೇ ಕೂಗುಮಾವ ಬಂದೆ, ತೆಗೆಯಿರಿ ಎಂದು ಕೂಗಿಕೊಂಡೇ ಒಳಗೆ ಬಂದರು.

ಆ ಪ್ರೋಗ್ರಾಮಿನಲ್ಲಿ ಇನ್ನೊಂದು ಒಳದಾರಿ ಇತ್ತು. ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಇಟ್ಟರೆ ಹಿಂದೆ ಯಾವ ಫೈಲು ತೆರೆದಿದ್ದೆವೋ ಅದೇ ಮತ್ತೆ ತೆರೆದುಕೊಳ್ಳುತ್ತದೆ. ಮಾಮನಿಗೆ ಇದು ಎಷ್ಟು ಹಿಡಿಸಿತೆಂದರೆ ಅದನ್ನು ಬದುಕಿಗೂ ತಂದುಕೊಂಡಿದ್ದರು. ಎದುರಿನ ಹೋಟೆಲಿಗೆ ಹೋದರೆ ಒಂದು ಬೆರಳು ಎತ್ತಿ ಚುಕ್ಕೆ ಎನ್ನುವುದು, ನಿನ್ನೆ ಕೊಟ್ಟದ್ದೇ ಕೊಡು ಎಂದು ಅರ್ಥ. ಹೋಟೆಲಿನವರಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ, ಆದರೂ ಚುಕ್ಕೆ ಎಂದರೆ ಎರಡು ಬನ್ಸು, ಕಡಿಮೆ ಸಕ್ಕರೆಯ ಚಾ ಎಂದು ಕಲಿತುಬಿಟ್ಟರು. ಮನೆಯಲ್ಲಿ ಹೆಂಡತಿ ಏನು ಅಡುಗೆ ಮಾಡಲಿ ಎಂದಾಗ ಚುಕ್ಕೆ ಎಂದು ಹೇಳಿ ಬೈಸಿಕೊಂಡದ್ದನ್ನೂ ಅವರೇ ನಮಗೆ ಹೇಳಿ ನಕ್ಕದ್ದುಂಟು.

ಇನ್ನು ನನ್ನ ಘನಕಾರ್ಯ. ನಾಲ್ಕು ವರ್ಷದ ಹಿಂದಿನ ಮಾತು. ಭಟ್ಕಳ ಕಡೆಯ ಕಾಯ್ಕಿಣಿ ಎಂಬ ಊರಿಂದ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಪ್ರೆಸ್ಸಿಗೆ ಬಂದರು. ಗದ್ದೆ ಕೆಲಸದಲ್ಲೇ ಆಯಸ್ಸು ಕಳೆದ ಹೆಂಗಸು, ಓದು ಬರಹ ಇಲ್ಲ. ಅರಿಶಿನ ಕುಟ್ಟುವುದರಿಂದ ಹಿಡಿದು ಬೀಗರನ್ನು ಹಂಗಿಸಿ ಕಳಿಸುವ ತನಕ ಮದುವೆಯ ಹಾಡುಗಳೆಲ್ಲ ಅವರ ಬಾಯಲ್ಲಿದ್ದವು. ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು, ಒಂದು ತಿಂಗಳಿತ್ತು. ಬಂದ ನೆಂಟರಿಗೆ ಸ್ಟೀಲಿನ ಡಬ್ಬಿ ಕೊಡುವ ಬದಲು ಅಜ್ಜಿಯ ಹಾಡಿನ ಪುಸ್ತಕ ಕೊಡಬೇಕು ಎನ್ನುವುದು ಮೊಮ್ಮಗಳ ಹಟ. ಮನೆಯಲ್ಲಿ ಬೇರೆ ಯಾರಿಗೂ ಆ ಹಾಡು ಬರುವುದಿಲ್ಲ, ಅಜ್ಜಿಗೆ ದಮ್ಮು ಕಡಿಮೆಯಾಗುತ್ತಿದೆ, ಈಗ ಆಗದಿದ್ದರೆ ಇನ್ನಿಲ್ಲ ಎಂದು ಆ ಹುಡುಗಿ ನಮ್ಮೆದುರೇ ಹೇಳಿದಳು. ಅಜ್ಜಿ ಏನೂ ಬೇಸರಿಸದೆ ಹೌದೆಂದು ತಲೆಯಾಡಿಸಿದರು.

ಎಂಟು ದಿನ ಅಜ್ಜಿ ಬಸ್ಸಿನಲ್ಲಿ ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು ಹಾಡಿದರು. ಹೇಳಿ ಎಂದರೆ ಅವರಿಗೆ ಬರುತ್ತಿರಲಿಲ್ಲ, ಹಾಡಿದರೆ ಮಾತ್ರ ಪದ ಬರುತ್ತಿತ್ತು. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಬೈಂಡಿಂಗಿನ ಹೆಂಗಸರು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದರು. ಕೈಗೆ ರೂಢಿಯಾದದ್ದು ಎಂದು ನಾನು ಆ ಕಪ್ಪು ಪರದೆಯಲ್ಲೇ ದಿನಕ್ಕೊಂದು ಫೈಲು ಮಾಡಿ, ಮಾಮ ಹೇಳಿದ ಹಾಗೆ ಹೆಸರು ಕೊಟ್ಟು ಇಟ್ಟೆ. ಎಂಟನೇ ದಿನ ಶುಕ್ರವಾರ, ನಲವತ್ತೊಂದು ಹಾಡಾಯಿತು. ಅಜ್ಜಿ ಊರಿಗೆ ಹೋದರು. ಮಾಮ ಅಂದು ಮಾಲಕರ ಜೊತೆ ಕಾಗದ ತರಲು ಹೋಗಿದ್ದರು. ನಾನು ಎಂಟು ಫೈಲುಗಳನ್ನು ಒಂದೇ ಫೈಲಾಗಿ ಕೂಡಿಸಿದೆ. ಕಾರ್ಡು ಮಾಡಿ ಮಾಡಿ ಕೈಗೆ ಹತ್ತಿದ ಚಾಳಿ ನೋಡಿ, ಪುಸ್ತಕದ ತಲೆಗೂ ಒಂದು ಶ್ರೀ ಹೊಡೆದೆ. ಹೊಸ ಫೈಲಿಗೆ ಹೆಸರು ಕೊಡುವುದನ್ನು ಮರೆತು ಎಂಟರ್ ಒತ್ತಿದೆ. ಕೂಡಿಸಿ ಆಯಿತು ಎಂದು ಪರದೆ ಹೇಳಿತು. ಒಳ್ಳೆ ಗೃಹಿಣಿಯ ಹಾಗೆ ಹಳೆಯ ಎಂಟು ಫೈಲುಗಳನ್ನು ಗುಡಿಸಿ ಎಸೆದೆ. ಊಟ ಮಾಡಿ ಬಂದೆ. ಅರ್ಜೆಂಟಾಗಿ ಒಂದು ಗೃಹಪ್ರವೇಶದ ಕಾರ್ಡು ಬಂದಿತ್ತು. ಅದರ ತಲೆಯ ಮೇಲೂ ಶ್ರೀ, ಅದಕ್ಕೂ ಹೆಸರು ಕೊಡಲಿಲ್ಲ. ಎಂಟು ದಿನದ ಹಾಡಿನ ಮೇಲೆ ಯಾರದೋ ಆರ್‌ಸಿಸಿ ಮನೆ ಎದ್ದು ನಿಂತಿತು.

ಹಾಡಿನ ಫೈಲು ತೆರೆಯಹೋದಾಗ ಅದು ಗೊತ್ತಾಯಿತು. ಪ್ರೂಫು ತೆಗೆದಿರಲಿಲ್ಲ. ಪೆನ್‌ಡ್ರೈವಿಗೆ ಹಾಕಿಡುವುದು ಶನಿವಾರಕ್ಕೊಮ್ಮೆ, ಹೋದ ಶನಿವಾರ ಅಜ್ಜಿಯ ಕೆಲಸ ಇನ್ನೂ ಶುರುವಾದದ್ದಷ್ಟೇ ಎಂದು ನಾನು ಅದನ್ನು ಸೇರಿಸಿಯೇ ಇರಲಿಲ್ಲ. ರಿಪೇರಿಯವರನ್ನು ಕರೆಸಿದೆ. ಅವರು ಸಂಜೆ ತನಕ ಅಗೆದು ಮೂರು ವರ್ಷದ ಹಿಂದಿನ ಉಪನಯನದ ಕಾರ್ಡೊಂದನ್ನು ಎತ್ತಿಕೊಟ್ಟರು, ಆ ವಟುವಿಗೆ ಈಗ ಮೀಸೆ ಬಂದಿರಬೇಕು. ಅದಕ್ಕೆ ಮೊದಲು ಒಂದು ಸಲ ಹೀಗೇ ಒಂದು ಕಾರ್ಡು ಕಳೆದಿದ್ದೆ. ಇನ್ನೊಮ್ಮೆ ಆದರೆ ನಿನ್ನ ದಾರಿ ನೀನು ನೋಡಿಕೋ ಎಂದು ಮಾಲಕರು ಅಂದೇ ಹೇಳಿಯೂ ಆಗಿತ್ತು. ಆದರೆ ನಿಜ ಹೇಳುತ್ತೇನೆ, ಕೆಲಸಕ್ಕಿಂತ ನನಗೆ ಚಿಂತೆಯಾದದ್ದು ಆ ಅಜ್ಜಿಯ ದಮ್ಮಿನದು. ಎಂಟು ದಿನ ಖರ್ಚಾದ ಉಸಿರನ್ನು ಎಲ್ಲಿಂದ ತರಲಿ?

ಮಾಮ ಬಂದವರು ಪರದೆ ನೋಡಿದರು. ಬೈಯಲಿಲ್ಲ. ಕುರ್ಚಿ ಎಳೆದು ಕೂತು ಆ ಗೃಹಪ್ರವೇಶದ ಕಾರ್ಡನ್ನು ಕೊನೆ ತನಕ ಓದಿದರು. ಆಮೇಲೆ ಎದ್ದು ಮಾಲಕರ ಕೋಣೆಗೆ ಹೋಗಿ, ಅಜ್ಜಿಯ ಫೈಲು ನನ್ನ ಕೈಯಿಂದ ಹೋಯಿತು, ನಾಳೆ ಕಾಯ್ಕಿಣಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಬಂದರು. ನಾನು ಬಾಯಿ ತೆರೆದೆ. ನೀನು ನಾಳೆ ಬೆಳಿಗ್ಗೆ ಬೇಗ ಬಾ, ಅಷ್ಟೇ ಎಂದರು. ಮಾಲಕರು ಮಾಮನಿಗೆ ಏನು ಹೇಳುತ್ತಾರೆ? ತಲೆ ಕೆರೆದುಕೊಂಡು ಸುಮ್ಮನಾದರು. ನಾನೂ ಸುಮ್ಮನಾದೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿಯ ಅಂಗಳದಲ್ಲಿ ನಿಂತೆವು. ಅಜ್ಜಿ ಕೋಳಿಗೆ ಅಕ್ಕಿ ಚೆಲ್ಲುತ್ತಿದ್ದರು. ಪುಸ್ತಕ ತಂದಿದ್ದೇವೆ ಎಂದುಕೊಂಡು ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದರು. ನನಗೆ ಅಳು ತಡೆಯಲಾಗಲಿಲ್ಲ, ಮುಖ ತಿರುಗಿಸಿ ತೆಂಗಿನ ಮರ ನೋಡುತ್ತಾ ನಿಂತೆ. ಮಾಮ ನೇರ ವಿಷಯಕ್ಕೆ ಬಂದರು.

"ಅಮಾ, ನೀವು ಹಾಡಿದ್ದೆಲ್ಲ ಹೋತು. ನನ್ನ ಕೈ ತಪ್ಪು."

ಎಲ್ಲಾನೂ ಎಂದು ಅಜ್ಜಿ ಕೇಳಿದರು. ಎಲ್ಲಾನೂ ಎಂದು ಮಾಮ ಹೇಳಿದರು. ಅಜ್ಜಿ ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

"ಹೋದದ್ದು ನಿಮ್ಮ ಪೆಟ್ಟಿಗೇಲಿ ಇದ್ದದ್ದು ತಮಾ. ನನ್ನ ಹೊಟ್ಟೇಲಿ ಇದ್ದದ್ದು ಎಂತಕ್ಕೆ ಹೋಗ್ತದೆ? ಆದ್ರೆ ನಾ ಇನ್ನು ಹೊನ್ನಾವರಕ್ಕೆ ಬರೂದಿಲ್ಲ. ಪೆಟ್ಟಿಗೆ ಹೊತ್ಕಂಡು ನೀವೇ ಇಲ್ಲಿಗೆ ಬನ್ನಿ."

ಎಲ್ಲರಿಗೂ ಮಾಮ ಆದವರನ್ನು ಯಾರೋ ತಮಾ ಎಂದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಮಾಮನ ಕಿವಿ ಕೆಂಪಾಯಿತು.

ಸೋಮವಾರ ಲ್ಯಾಪ್‌ಟಾಪಿಗೆ ಆ ಕಪ್ಪು ಪರದೆಯನ್ನು ತುಂಬಿಕೊಂಡು ಹೋದೆವು. ಅಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಪ್ರೆಸ್ಸಿನ ಸ್ಟೂಲಿನ ಮೇಲೆ ಅಜ್ಜಿ ಒಬ್ಬರೇ ಹಾಡಿದ್ದರು. ಇಲ್ಲಿ ಮೊದಲ ಹಾಡು ಶುರುವಾಗುವುದೇ ತಡ, ಆಚೆ ಮನೆಯಿಂದ ಒಬ್ಬರು ತಲೆ ಹಾಕಿ, ಆ ಸಾಲು ಹಾಗಲ್ಲ ಎಂದರು. ಈಚೆ ಮನೆಯವರು ಬಂದು, ಇಬ್ಬರದೂ ತಪ್ಪು ಎಂದರು. ಮಧ್ಯಾಹ್ನದ ಹೊತ್ತಿಗೆ ಜಗಲಿಯಲ್ಲಿ ಒಂಬತ್ತು ಹೆಂಗಸರು. ಒಬ್ಬರ ಕೈಯಲ್ಲಿ ಮೊರ, ಒಬ್ಬರ ಮಡಿಲಲ್ಲಿ ಮಗು. ಅಜ್ಜಿಗೆ ದಮ್ಮು ಕಟ್ಟಿದಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು, ಅಜ್ಜಿ ಉಸಿರೆಳೆದುಕೊಂಡು ಮತ್ತೆ ಸೇರಿಕೊಳ್ಳುತ್ತಿದ್ದರು. ಮನೆಯಲ್ಲಿ ಯಾರಿಗೂ ಬರುವುದಿಲ್ಲ ಎಂದಿದ್ದ ಮೊಮ್ಮಗಳು ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಮನೆಯಲ್ಲಿ ಬರುತ್ತಿರಲಿಲ್ಲ ನಿಜ, ಆಚೆ ಈಚೆ ಮನೆಯವರನ್ನು ಯಾರೂ ಕೇಳಿ ನೋಡಿರಲಿಲ್ಲ.

ಆ ದಿನ ಮಾಮನೇ ಟೈಪು ಮಾಡಿದರು, ನಾನು ಸಾಲು ಹೇಳಿಕೊಡುತ್ತಿದ್ದೆ. ಎರಡು ಬೆರಳಿಗೆ ಒಂಬತ್ತು ಬಾಯಿಯ ವೇಗ ಸಿಗುವುದಿಲ್ಲ, ನಿಲ್ಲಿ ಅಮಾ ನಿಲ್ಲಿ ಎನ್ನುತ್ತಾ ಬೆವರು ಒರೆಸಿಕೊಳ್ಳುತ್ತಿದ್ದರು. ಗಾಳಿಯಲ್ಲಿದ್ದ ಎಡಗೈಗೆ ಯಾರೋ ಮುರುಗಲು ಪಾನಕದ ಲೋಟ ಹಿಡಿಸಿದರು. ಆ ಕೈಗೆ ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಕೆಲಸ ಸಿಕ್ಕಿತು.

ಹಾಡಿದವರಿಗೊಂದು ಫೈಲು, ಅದಕ್ಕೆ ಅವರ ಗುರುತಿನ ಹೆಸರು. ಮಾಮ ತಮ್ಮ ಪದ್ಧತಿಯಂತೆ ಹೆಸರು ಇಡುತ್ತಾ ಹೋದರು. ಒಬ್ಬ ಹೆಂಗಸು ಬಗ್ಗಿ, ನನ್ನ ಹಾಡಿಗೆ ಎಂತ ಹೆಸರು ಬರೆದಿರಿ ಎಂದು ಕೇಳಿದರು. ಮೊರಹಿಡಿದವ್ರು ಎಂದು ಮಾಮ ಓದಿ ಹೇಳಿದರು. ಎಲ್ಲರೂ ನಕ್ಕರು, ಆ ಹೆಂಗಸು ನಗಲಿಲ್ಲ.

"ಊರಲ್ಲಿ ನನ್ನ ಗಂಡನ ಹೆಸ್ರು ಹೇಳ್ತಾರೆ, ಮಗನ ಹೆಸ್ರು ಹೇಳ್ತಾರೆ. ಇಲ್ಲಾದ್ರೂ ನಂದೇ ಹಾಕೂಕೆ ಆಗ್ತದಾ?"

ಮಾಮನ ಬೆರಳು ನಿಂತಿತು. ಅಷ್ಟು ವರ್ಷ ಜನರನ್ನು ಚೀಲ, ಚಪ್ಪಲಿ, ದನಿ ಎಂದು ಗುರುತು ಹಾಕಿದ ಮನುಷ್ಯ ನಿಜವಾಗಿಯೂ ನಾಚಿಕೊಂಡರು. ತಪ್ಪಾಯಿತು ಎಂದು ಎಲ್ಲ ಫೈಲುಗಳ ಹೆಸರನ್ನು ಅಲ್ಲೇ ಬದಲಿಸಿದರು. ಒಬ್ಬೊಬ್ಬರನ್ನೂ ಕೇಳಿ ಅವರವರ ಹೆಸರೇ ಹಾಕಿದರು. ಒಂಬತ್ತು ಜನರಲ್ಲಿ ನಾಲ್ಕು ನಾಗಮ್ಮ. ಎರಡಕ್ಷರಕ್ಕೆ ಸಿಗುವ ಲೆಕ್ಕ ಅಲ್ಲಿಗೆ ನೆಲಕಚ್ಚಿತು. ಪರವಾಗಿಲ್ಲ, ಪೂರ್ತಿ ಹೊಡೆಯುತ್ತೇನೆ ಎಂದು ಮಾಮ ಬಾವಿಕಟ್ಟೆ ನಾಗಮ್ಮ, ಗದ್ದೆಬದಿ ನಾಗಮ್ಮ ಎಂದು ಉದ್ದುದ್ದ ಹೊಡೆದರು. ಪುಸ್ತಕದಲ್ಲಿ ಪ್ರತಿ ಹಾಡಿನ ಕೆಳಗೆ ಹಾಡಿದವರ ಹೆಸರು ಬಂದದ್ದು ಹೀಗೆ. ಆರು ದಿನಕ್ಕೆ ಅರವತ್ತಮೂರು ಹಾಡಾದವು. ಮೊದಲ ಸಲ ಅಜ್ಜಿ ಮರೆತಿದ್ದ ಇಪ್ಪತ್ತೆರಡು ಹಾಡು ಹೆಚ್ಚು ಸಿಕ್ಕಿದ್ದವು. ನನ್ನ ತಪ್ಪಿನಿಂದ ಒಳ್ಳೆಯದಾಯಿತು ಎಂದು ನಾನು ಹೇಳಿದರೆ ನನ್ನ ನಾಲಿಗೆಗೆ ಬರೆ ಹಾಕಬೇಕು, ಆದರೆ ಹಾಡು ಸಿಕ್ಕಿದ್ದಂತೂ ಹೌದು.

ಮದುವೆಯ ಹಿಂದಿನ ದಿನ ಪುಸ್ತಕ ಕಟ್ಟಿ ಕಳಿಸಿದೆವು. ಮದುವೆಗೆ ಮಾಮನೂ ನಾನೂ ಹೋದೆವು. ಚಪ್ಪರದ ಕೆಳಗೆ ನಾಲ್ಕೂ ನಾಗಮ್ಮಂದಿರು ಪುಸ್ತಕ ಹಿಡಿದುಕೊಂಡು, ಓದು ಬರುವವರನ್ನೆಲ್ಲ ತಡೆದು ನನ್ನ ಹೆಸರು ಎಲ್ಲಿದೆ ತೋರ್ಸು ಎನ್ನುತ್ತಿದ್ದರು. ಊಟದ ಪಂಕ್ತಿಯಲ್ಲಿ ಮಾಮನಿಗೆ ಸುಕ್ಕಿನುಂಡೆ ಬೇಡ ಎಂದರೂ ನಾಲ್ಕು ಬಿದ್ದವು. ನಾನು ಅಜ್ಜಿಯನ್ನು ಹುಡುಕಿಕೊಂಡು ಅಡುಗೆಮನೆಯ ಹಿಂದೆ ಹೋದೆ. ಅಜ್ಜಿ ಪುಸ್ತಕವನ್ನು ಮೂಗಿಗೆ ಹಿಡಿದು ಮೂಸುತ್ತಾ ಒಬ್ಬರೇ ಕೂತಿದ್ದರು. ಕಾಲ ಬಳಿ ಕೂತು ಹೇಳಿಬಿಟ್ಟೆ, ನಿಮ್ಮ ಹಾಡು ಹೋದದ್ದು ನನ್ನ ಕೈಯಿಂದ, ಮಾಮನ ಕೈಯಿಂದ ಅಲ್ಲ ಎಂದು. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, ಮುಡಿದ ಮಲ್ಲಿಗೆ ಸರಿ ಮಾಡಿದರು.

"ಅವತ್ತು ಹೇಳಿದ್ದು ಅವ, ಅತ್ತಿದ್ದು ನೀನು. ಯಾರ ಕೈಯಿಂದ ಹೋತು ಅಂತ ತಿಳಿಯೂಕೆ ನಂಗೆ ಓದು ಬರ್ಬೇಕಾ ತಂಗಿ? ನಂಗೆ ಗೊತ್ತುಂಟು ಅಂತ ಅವಂಗೆ ಮಾತ್ರ ಹೇಳ್ಬೇಡ. ಸುಳ್ಳು ಹೇಳಿ ರೂಢಿ ಇಲ್ಲದವ, ಪಾಪ, ಎಷ್ಟು ಕಷ್ಟಪಟ್ಟು ಹೇಳ್ದ."

ಆತು ಎಂದೆ. ನಾಲ್ಕು ವರ್ಷ ಬಾಯಿ ಕಟ್ಟಿಕೊಂಡೆ. ಮಾಲಕರು ಪ್ರತಿ ಸೀಸನ್ನಿಗೆ ಒಂದು ಸಲವಾದರೂ, ಮಾಮ, ಕಾಯ್ಕಿಣಿ ಹಾಗೆ ಮಾಡಬೇಡಿ ಎನ್ನುತ್ತಿದ್ದರು. ಮಾಮ ತಪ್ಪಿತಸ್ಥನ ಹಾಗೆ ತಲೆಯಾಡಿಸುತ್ತಿದ್ದರು, ನನ್ನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮಾಲಕರೇ, ಈಗ ನೀವೂ ಓದುತ್ತಿದ್ದರೆ ನನ್ನ ದಾರಿ ನಾನು ನೋಡಿಕೊಳ್ಳಲು ತಯಾರಿದ್ದೇನೆ.

ಬೀಳ್ಕೊಡುಗೆ ಮುಗಿದ ಮರುದಿನ ಅಜ್ಜಿಗೆ ಫೋನು ಮಾಡಿ, ಇನ್ನಾದರೂ ಹೇಳಲೇ ಎಂದು ಕೇಳಿದೆ. ಅಜ್ಜಿಯ ದಮ್ಮು ಹಾಗೇ ಇದೆ, ನಗುವಾಗ ಸೀಟಿ ಹೊಡೆದ ಹಾಗೆ ಕೇಳುತ್ತದೆ. ಹೇಳು, ಆದರೆ ಹೇಳಿದ ಮೇಲೆ ಅವನ ಮುಖ ನೋಡಲು ನನ್ನನ್ನೂ ಕರೆದುಕೊಂಡು ಹೋಗು ಎಂದರು.

ಹಾಗಾಗಿ ಮಾಮ, ಕೇಳಿ. ಜೀವಮಾನದಲ್ಲಿ ನೀವು ಹೇಳಿದ ಒಂದೇ ಒಂದು ಸುಳ್ಳು ಮಾಲಕರ ಕೋಣೆ ದಾಟಿತು, ಅಜ್ಜಿಯ ಅಂಗಳ ದಾಟಲಿಲ್ಲ. ಅಜ್ಜಿಗೆ ಅವತ್ತೇ ಗೊತ್ತಿತ್ತು. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಅಜ್ಜಿಯೂ ನಾನೂ ಭಟ್ಕಳಕ್ಕೆ ಬರುತ್ತಿದ್ದೇವೆ. ನಗಬೇಕೋ ಸಿಟ್ಟು ಮಾಡಬೇಕೋ, ಅಷ್ಟರೊಳಗೆ ಯೋಚಿಸಿಟ್ಟುಕೊಳ್ಳಿ.